ನಾನು ಕೊಟ್ಟ ಹನ್ನೊಂದು ಪದಗಳು

ಕೆಲವು ವಿವರಗಳು ತಪ್ಪಿರಬಹುದು. ಆ ದಿನ ನಾನು ಉಟ್ಟಿದ್ದ ಸೀರೆ ಹಸಿರೋ ನೀಲಿಯೋ, ಮೇಜಿನ ಸುತ್ತ ಏಳು ಜನ ಇದ್ದರೋ ಎಂಟೋ, ಈಗ ಖಚಿತವಿಲ್ಲ. ಮುಖ್ಯವಾದದ್ದು ಮಾತ್ರ ತಪ್ಪಿಲ್ಲ. ನಾನು ಒಮ್ಮೆಯೂ ತೆರೆದು ನೋಡದ ಒಂದು ಕಂಪ್ಯೂಟರ್ ತಂತ್ರಾಂಶದ ಬಗ್ಗೆ, ಕನ್ನಡ ತಜ್ಞೆ ಎಂದು ಕೂತು, ಎರಡು ಪುಟ ಅಭಿಪ್ರಾಯ ಬರೆದುಕೊಟ್ಟೆ. ಕೆಲಸಕ್ಕೆ ಬಾರದ್ದು ಎಂದು ಬರೆದೆ. ಅದನ್ನು ಮಾಡಿದವನು ನನ್ನ ಸೋದರತ್ತೆಯ ಮಗ ನಾಗರಾಜ, ನಮ್ಮೆಲ್ಲರ ನಾಗು. ಸೋಮಾರಿತನದಿಂದ ಹಾಗೆ ಮಾಡಲಿಲ್ಲ, ಅವಸರದಿಂದಲೂ ಅಲ್ಲ. ಅವನಿಗೆ ನೋವಾಗಲಿ ಎಂದೇ ಮಾಡಿದೆ. ಮಾಡಿ ಸಂತೋಷಪಟ್ಟೆ — ಇದನ್ನೂ ಬರೆಯಬೇಕು, ಬರೆಯದಿದ್ದರೆ ಮಿಕ್ಕದ್ದನ್ನು ಬರೆದು ಪ್ರಯೋಜನವಿಲ್ಲ.

ಓದುವ ದಿನಗಳಿಂದಲೂ ನಾನು ಡೈರಿ ಬರೆಯುವವಳು. ಡೈರಿ ಬರೆಯುವವರಿಗೆ ನೆನಪು ಗಟ್ಟಿ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಬರೆದಿಟ್ಟದ್ದನ್ನು ಹತ್ತು ವರ್ಷದ ಮೇಲೆ ತೆಗೆದಾಗ ನೆನಪಿಗೂ ಬರಹಕ್ಕೂ ತಾಳೆಯಾಗುವುದಿಲ್ಲ, ಯಾವುದನ್ನು ನಂಬುವುದೋ ತಿಳಿಯುವುದಿಲ್ಲ. ಆ ಅಭಿಪ್ರಾಯವನ್ನು ಓದಿದ ಸಭೆಯ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಕೆಂಗೇರಿ. ಸಭೆ. ಹೇಳಬೇಕಾದ್ದು ಹೇಳಿದೆ. ಊಟಕ್ಕೆ ಬಿಸಿಬೇಳೆಬಾತು, ಉಪ್ಪು ಒಂದು ಕೈ ಜಾಸ್ತಿ.' ಒಬ್ಬ ಮನುಷ್ಯನ ನಾಲ್ಕು ವರ್ಷದ ಕೆಲಸವನ್ನು ಹೊಸಕಿ ಬಂದವಳು ಉಪ್ಪಿನ ಬಗ್ಗೆ ಬರೆದಿದ್ದೇನೆ.

ನಾಗು ನನಗಿಂತ ಎರಡು ವರ್ಷ ದೊಡ್ಡವನು. ರಾಜಾಜಿನಗರದ ಒಂದೇ ವಠಾರದಲ್ಲಿ ನಮ್ಮದೂ ಅತ್ತೆಯದೂ ಎದುರು ಬದುರು ಮನೆ. ಲೆಕ್ಕಕ್ಕೆ ಅವನನ್ನು ಭಾವ ಎನ್ನಬೇಕು. ಒಟ್ಟಿಗೆ ಬೆಳೆದದ್ದರಿಂದ ಆ ಮಾತು ಬಾಯಿಗೆ ಬರಲಿಲ್ಲ, ನಾಗು ಎಂದೇ ಕರೆದೆ. ವಠಾರದ ಕೆಟ್ಟ ರೇಡಿಯೋಗಳೆಲ್ಲ ಅವನ ಹತ್ತಿರ ಬರುತ್ತಿದ್ದವು. ಮುಂದೆ ಎಂಜಿನಿಯರನಾದ, ಒಂದು ಕಾರ್ಖಾನೆಗೆ ಸೇರಿದ. ಮಾತು ಕಡಿಮೆ. ಯಾರು ಏನು ಹೇಳಿದರೂ 'ಇರಬಹುದು' ಎನ್ನುವ ಸ್ವಭಾವ. ಅದನ್ನು ನಾನು ವಿನಯ ಎಂದುಕೊಂಡಿದ್ದೆ, ಆಮೇಲೆ ಸೊಕ್ಕು ಎಂದುಕೊಂಡೆ.

ಆಮೇಲೆ ಎಂದರೆ — ನನ್ನ ಪಿಎಚ್.ಡಿ. ಮುಗಿದ ಮೇಲೆ.

ನಾನು ಬೀಸುವ ಪದಗಳ ಬಗ್ಗೆ ಸಂಶೋಧನೆ ಮಾಡಿದವಳು. ರಾಗಿ ಬೀಸುತ್ತ ಹೆಂಗಸರು ಹಾಡುತ್ತಿದ್ದ ಹಾಡುಗಳು. ಆರು ವರ್ಷ ಟೇಪ್ ರೆಕಾರ್ಡರ್ ಹೊತ್ತುಕೊಂಡು ಮಾಗಡಿ, ಕುಣಿಗಲ್ ಕಡೆಯ ಊರುಗಳನ್ನು ಸುತ್ತಿದೆ. ಹಲ್ಲಿಲ್ಲದ ಬಾಯಿಗಳ ಮುಂದೆ ಮೈಕು ಹಿಡಿದೆ. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲಿನ ಸದ್ದಿಲ್ಲದೆ ಹಾಡೇ ಬರುವುದಿಲ್ಲ ಎನ್ನುತ್ತಿದ್ದ ಒಬ್ಬ ಅಜ್ಜಿಗಾಗಿ ಮೂರು ಮನೆ ತಿರುಗಿ ಬೀಸುವ ಕಲ್ಲು ಹುಡುಕಿ ತಂದದ್ದೂ ಉಂಟು. ಪದವಿ ಸಿಕ್ಕ ವರ್ಷವೇ ವಿಜಯನಗರದ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆ ಖಾಲಿಯಾಯಿತು. ಸಂದರ್ಶನ ಚೆನ್ನಾಗಿಯೇ ಆಯಿತು. ಆ ಕಾಲೇಜಿನ ಆಡಳಿತ ಸಮಿತಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ನಾಗು ಸದಸ್ಯನಾಗಿದ್ದ. ನಾನು ಅವನಿಗೆ ಹೇಳಿಸಲಿಲ್ಲ, ಕೇಳಲಿಲ್ಲ. ಹೇಳುವ ಅಗತ್ಯವೇ ಇಲ್ಲ, ತಾನಾಗಿಯೇ ಒಂದು ಒಳ್ಳೆಯ ಮಾತು ಆಡುತ್ತಾನೆ ಎಂದುಕೊಂಡಿದ್ದೆ.

ಹುದ್ದೆ ಸಿಗಲಿಲ್ಲ.

ಒಂದೆರಡು ತಿಂಗಳಲ್ಲಿ ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಬಳಗದ ಒಂದು ಸೀಮಂತ. ಸರ್ವಮಂಗಳ ಚಿಕ್ಕಮ್ಮ — ನನ್ನ ಚಿಕ್ಕಪ್ಪನ ಹೆಂಡತಿ — ಬಳೆಯ ತಟ್ಟೆ ಹಿಡಿದು ಬರುತ್ತಿದ್ದವರು ನನ್ನನ್ನು ನೋಡಿ ರೂಮಿನೊಳಗೆ ಕರೆದರು. ಅವರು ಹೇಳಿದ್ದು ಹೀಗೆ ಎಂದು ನನ್ನ ನೆನಪು:

"ವಿಜಿ, ಯಾರಿಗೂ ಹೇಳ್ಬೇಡ ಕಣೇ. ನಿನ್ನ ಥೀಸಿಸ್ ಹೆಂಗಿದೆ ಅಂತ ಕಮಿಟೀಲಿ ಕೇಳಿದ್ರಂತೆ. 'ಅದರಲ್ಲೇನಿದೆ ಸಾರ್, ಅಜ್ಜೀರು ಹಾಡಿದ್ದನ್ನ ಇವಳು ಬರ್ಕೊಂಡಿದಾಳೆ ಅಷ್ಟೇ' ಅಂದ್ನಂತೆ ನಿಮ್ಮ ನಾಗು. ಪುಟ ತೆಗೆದೂ ನೋಡಿರ್ಲಿಲ್ವಂತೆ!"

ಹೊರಗೆ ಯಾರೋ ಆರತಿಗೆ ಕೂಗಿದರು. ಚಿಕ್ಕಮ್ಮ ಹೋದರು. ನಾನು ಆ ರೂಮಿನಲ್ಲಿ, ಮಂಚದ ಮೇಲೆ ರಾಶಿ ಹಾಕಿದ್ದ ಬೇರೆಯವರ ಕೈಚೀಲಗಳ ನಡುವೆ ಕೂತೆ. ಅವತ್ತು ಅತ್ತೆಯ ಮನೆಯವರೆಲ್ಲ ಊಟಕ್ಕೆ ಒಂದೇ ಸಾಲಿನಲ್ಲಿ ಕೂತಿದ್ದರು. ನಾಗು ನನ್ನನ್ನು ನೋಡಿ, "ಬಾರೇ, ಇಲ್ಲಿ ಜಾಗ ಇದೆ" ಎಂದ. ಹೋಗಿ ಅವನ ಪಕ್ಕದಲ್ಲೇ ಕೂತು ಊಟ ಮಾಡಿದೆ.

ಅವನನ್ನು ಕೇಳಬಹುದಿತ್ತು. ಒಂದು ಮಾತು — 'ಹಾಗಂದೆಯಾ?' ಎಂದು. ಕೇಳಲಿಲ್ಲ. ಕೇಳಿದರೆ ಅವನು ಇಲ್ಲ ಎಂದುಬಿಡಬಹುದು, ಆಗ ನನ್ನ ಸಿಟ್ಟನ್ನು ಎಲ್ಲಿ ಇಟ್ಟುಕೊಳ್ಳಲಿ... ಹೀಗೆ ಆಗ ಯೋಚಿಸಿದೆನೋ, ಈಗ ಕೂತು ಆಗಿನ ತಲೆಯೊಳಗೆ ಇದನ್ನು ತುರುಕುತ್ತಿದ್ದೇನೋ, ಗೊತ್ತಿಲ್ಲ. ಒಟ್ಟಿನಲ್ಲಿ ಒಂಬತ್ತು ವರ್ಷ ಮೂರು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿದೆ. ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ 'ಈ ಸಲ ಕರೆಯುತ್ತಾರೋ ಇಲ್ಲವೋ' ಎಂದು ಫೋನಿನ ಮುಂದೆ ಕೂರುವುದು. ಹಾಗೆ ಕೂತಾಗಲೆಲ್ಲ ಆ ವಾಕ್ಯವನ್ನು ಮನಸ್ಸಿನಲ್ಲೇ ನಾಗುವಿನ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಅವನು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆದರೂ ಅವನ ದನಿಯಲ್ಲೇ ಕೇಳುತ್ತಿತ್ತು. ಕೊನೆಯ 'ಅಷ್ಟೇ' ಎನ್ನುವಾಗ ಅವನು ಭುಜ ಕುಣಿಸುವುದೂ ಕಾಣುತ್ತಿತ್ತು.

ಕಾಯಂ ಕೆಲಸ ಕೊನೆಗೆ ಬೇರೆ ಕಾಲೇಜಿನಲ್ಲಿ ಸಿಕ್ಕಿತು. ಸಿಟ್ಟು ಹೋಗಲಿಲ್ಲ. ಅದಕ್ಕೆ ಅಷ್ಟು ಹೊತ್ತಿಗೆ ನನ್ನ ಮನೆ ಅಭ್ಯಾಸವಾಗಿತ್ತು.

ಹತ್ತು ವರ್ಷದ ಹಿಂದೆ ಕೆಂಗೇರಿಯ ಕಡೆಯ ಒಂದು ಟ್ರಸ್ಟಿನ ಕಾರ್ಯದರ್ಶಿ ಫೋನು ಮಾಡಿದರು. ಕಣ್ಣು ಕಾಣದ ಹೆಣ್ಣುಮಕ್ಕಳು ಕಾಲೇಜು ಓದಲು ಇರುವ ಹಾಸ್ಟೆಲ್ ಅವರದು. ಕಂಪ್ಯೂಟರುಗಳು ಇದ್ದವು, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಳ್ಳೆಯ ತಂತ್ರಾಂಶ ಇರಲಿಲ್ಲ. ಪಠ್ಯಪುಸ್ತಕ ಓದಿ ಹೇಳಲು ಭಾನುವಾರ ಯಾರಾದರೂ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಒಬ್ಬರು ಬಿಡುವಿನ ವೇಳೆಯಲ್ಲಿ ಕೂತು, ಏನನ್ನೂ ಕೇಳದೆ, ಅಂಥದೊಂದನ್ನು ಮಾಡಿಕೊಟ್ಟಿದ್ದಾರೆ. ಎಲ್ಲ ಯಂತ್ರಗಳಿಗೂ ಹಾಕುವ ಮೊದಲು ತಜ್ಞರ ಅಭಿಪ್ರಾಯ ಬೇಕು. "ನಿಮ್ಮ ಹೆಸರನ್ನ ಅವರೇ ಹೇಳಿದ್ರು ಮೇಡಂ, ನಾಗರಾಜ್ ಅಂತ. ನಿಮ್ಮಷ್ಟು ಚೆನ್ನಾಗಿ ಕನ್ನಡ ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅಂದ್ರು."

ಅದು ಗೌರವ ಎಂದು ನನಗೆ ಅನ್ನಿಸಲೇ ಇಲ್ಲ. ಬರ್ಕೊಂಡಿದಾಳೆ ಅಷ್ಟೇ ಎಂದವನು ಈಗ ತನ್ನ ಕೆಲಸಕ್ಕೆ ನನ್ನ ಸಹಿ ಕೇಳುತ್ತಿದ್ದಾನೆ ಎನ್ನಿಸಿತು. ಒಪ್ಪಿಕೊಂಡೆ. ಅವನು ನನ್ನ ಸಂಬಂಧಿ ಎಂದು ಕಾರ್ಯದರ್ಶಿಗೆ ಹೇಳಲಿಲ್ಲ.

ಒಂದು ವಾರದಲ್ಲಿ ಬಸವೇಶ್ವರನಗರದ ನನ್ನ ಮನೆಗೆ ಕಂದು ಲಕೋಟೆ ಬಂತು. ಒಳಗೊಂದು ಪೆನ್‌ಡ್ರೈವ್. ಜೊತೆಗೆ ನಾಗುವಿನ ಕೈಬರಹದ ಚೀಟಿ: 'ವಿಜಿ, ಹಾಕಿ ನೋಡು. ಮಾದರಿ ಅಂತ ಒಂದು ಫೋಲ್ಡರ್ ಇದೆ, ಮೊದಲು ಅದನ್ನೇ ತೆಗಿ.' ಚೀಟಿಯನ್ನೂ ಪೆನ್‌ಡ್ರೈವನ್ನೂ ಬೀರುವಿನ ಡ್ರಾಯರಿನಲ್ಲಿ, ಸೀರೆ ಪಿನ್ನುಗಳ ಡಬ್ಬಿಯ ಕೆಳಗೆ ಇಟ್ಟೆ. ಪುಟ ತೆಗೆಯದವರಿಂದ ಹೇಳಿಸಿಕೊಳ್ಳುವುದು ಹೇಗಿರುತ್ತದೆ, ಅವನಿಗೂ ಗೊತ್ತಾಗಲಿ.

ಊಟದ ಮೇಜಿನ ಮುಂದೆ ಕೂತು ಅಭಿಪ್ರಾಯ ಬರೆದೆ. ಬರೆಯಲು ಏನೂ ಕಷ್ಟವಾಗಲಿಲ್ಲ, ಇದು ನನ್ನನ್ನು ಈಗ ಹೆದರಿಸುತ್ತದೆ. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ಯಂತ್ರದ ಹೆಂಗಸಿನ ದನಿಯನ್ನು ನೆನೆಸಿಕೊಂಡೆ. ಅದರ ಮೇಲೆ ನನ್ನ ಇಪ್ಪತ್ತು ವರ್ಷದ ಪಾಠದ ಭಾಷೆಯನ್ನು ಸುರಿದೆ. 'ಯಾಂತ್ರಿಕವಾದ, ಭಾವಶೂನ್ಯವಾದ ವಾಚನ.' 'ಕನ್ನಡದ ನುಡಿಲಯಕ್ಕೆ ಕಿವಿಗೊಡದ ಉಚ್ಚಾರ.' 'ಸಾಹಿತ್ಯದ ವಿದ್ಯಾರ್ಥಿಗಳ ಅಭಿರುಚಿಯನ್ನೇ ಕೆಡಿಸಬಹುದಾದದ್ದು.' ಕೆಲವು ಕಡೆ ವಾಕ್ಯ ಸೊಗಸಾಗಲಿ ಎಂದು ತಿದ್ದಿ ಬರೆದೆ. ಪಕ್ಕದಲ್ಲಿ ಕಾಫಿ ಇತ್ತು, ಬಿಸಿ ಆರುವ ಮೊದಲೇ ಎರಡು ಪುಟ ಮುಗಿದಿದ್ದವು.

ಸಭೆಯಲ್ಲಿ ನಾನಲ್ಲದೆ ಇನ್ನೊಬ್ಬ ತಜ್ಞರಿದ್ದರು — ನಿವೃತ್ತ ಸುದ್ದಿವಾಚಕರು, ಎಪ್ಪತ್ತು ದಾಟಿದವರು, ಇನ್ನೂ ಗಂಟೆಯಂಥ ಕಂಠ. ಟ್ರಸ್ಟಿನವರು ಮೂರು ನಾಲ್ಕು ಜನ. ನಾಗು ಮೂಲೆಯ ಕುರ್ಚಿಯಲ್ಲಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು. ಹಾಸ್ಟೆಲಿನ ಪರವಾಗಿ ರೇಣುಕಾ ಎಂಬ ಹುಡುಗಿ. ಹಾವೇರಿ ಕಡೆಯವಳು, ಹುಟ್ಟಿನಿಂದ ಕಣ್ಣಿಲ್ಲ, ಕನ್ನಡ ಎಂ.ಎ. ಮೊದಲ ವರ್ಷ. ಕಾರ್ಯದರ್ಶಿ ಪರಿಚಯಿಸಿ, ನಾನು ನಮಸ್ಕಾರ ಎಂದಾಗ ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, "ನಮಸ್ಕಾರ್ರೀ ಮೇಡಮ್ಮಾರ. ನಿಮ್ಮ ಬೀಸೂ ಪದ ಎಲ್ಲಾ ಕೇಳೇನ್ರಿ ನಾ," ಎಂದಳು. ಯಾರೋ ಭಾನುವಾರದವರು ಓದಿ ಹೇಳಿರಬೇಕು ಎಂದುಕೊಂಡೆ. ಖುಷಿಯಾಯಿತು. ಹೇಗೆ ಕೇಳಿದೆ ಎಂದು ಅವಳನ್ನು ಕೇಳಲಿಲ್ಲ. ನನ್ನ ಜೀವನದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಬಹಳ.

ಮೊದಲು ಸುದ್ದಿವಾಚಕರು ಮಾತಾಡಿದರು. "ದನಿ ಅಂದ್ರೆ ಉಸಿರು. ಉಸಿರಿಲ್ಲದ್ದು ಓದಿದ್ರೆ ಅದು ಓದಾಗುತ್ತಾ? ಭಾವ ಎಲ್ಲಿಂದ ಬರುತ್ತೆ?"

ರೇಣುಕಾ ನಕ್ಕಳು. "ಭಾವ ನಮಗ ಬ್ಯಾಡ್ರೀ ಸರ. ಭಾವ ನಾವ ಹಾಕ್ಕೋತೀವಿ. ಅದು ಜಲ್ದಿ ಓದ್ಲಿ, ಸಾಕು. ಭಾನುವಾರ ಬರೋ ಅಕ್ಕಾರು ಅಳಕೋತ ಕುಂದ್ರತಾರ, ಪಾಠ ಮುಂದ ಹೋಗಂಗಿಲ್ಲ."

ಒಂದಿಬ್ಬರು ನಕ್ಕರು. ಸುದ್ದಿವಾಚಕರು ನಗಲಿಲ್ಲ. ಕಾರ್ಯದರ್ಶಿ ನನ್ನ ಕಡೆ ತಿರುಗಿದರು. ನಾನು ಎರಡು ಪುಟವನ್ನೂ ಓದಿದೆ. ಚೆನ್ನಾಗಿ ಓದಿದೆ. ನಡುನಡುವೆ ತಲೆ ಎತ್ತಿ ನಾಗುವಿನ ಮುಖ ನೋಡಿದೆ. ಮೊದಲ ಪುಟದ ಕೊನೆಯ ಹೊತ್ತಿಗೆ ಅವನು ನೋಟ್‌ಬುಕ್ ತೆರೆದು ಏನೋ ಬರೆದುಕೊಳ್ಳುತ್ತಿದ್ದ. 'ಒತ್ತಕ್ಷರಗಳಿರುವ ಪದಗಳನ್ನು ಹಲವು ಕಡೆ ತಪ್ಪಾಗಿ ಉಚ್ಚರಿಸುತ್ತದೆ' ಎಂದಾಗ ಅವನ ಪೆನ್ಸಿಲ್ ನಿಂತಿತು. ಅವನ ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು. ಸೀಮಂತದ ಮನೆಯ ಕೈಚೀಲಗಳ ನಡುವೆ ಕೂತಿದ್ದ ನನಗೆ ಆ ಮುಖವೇ ಬೇಕಾಗಿತ್ತು. ಸಿಕ್ಕಿತು.

ನಾನು ಕಾಗದ ಮಡಿಸುವಾಗ ರೇಣುಕಾ ಕೇಳಿದಳು:

"ಮೇಡಮ್ಮಾರ, ನೀವು ಎಷ್ಟನೇ ಸ್ಪೀಡಿನ್ಯಾಗ ಇಟ್ಟು ಕೇಳಿದ್ರಿ?"

"ಸಾಮಾನ್ಯ ವೇಗದಲ್ಲೇ ಕೇಳಿದೆನಮ್ಮ," ಎಂದೆ.

"ಹಂಗ್ರೀ?" ಎಂದಳು. ಆಮೇಲೆ, "ಆತು ಬಿಡ್ರಿ," ಎಂದಳು. ಸಭೆ ಮುಗಿಯುವವರೆಗೆ ಮತ್ತೆ ಮಾತಾಡಲಿಲ್ಲ. ನನ್ನ ವಿದ್ವತ್ತಿಗೆ ತಲೆಬಾಗಿದಳು ಎಂದುಕೊಂಡೆ.

ತೀರ್ಮಾನ ಸುಲಭವಾಗಿ ಆಯಿತು. ಇಬ್ಬರು ತಜ್ಞರೂ ಬೇಡ ಎಂದ ಮೇಲೆ ಬೇಡ. ಮನುಷ್ಯರ ದನಿಯಲ್ಲೇ ಪುಸ್ತಕಗಳನ್ನು ರೆಕಾರ್ಡ್ ಮಾಡಿಸೋಣ, ಮೇಡಂ ಅವರೇ ಶುರುಮಾಡಲಿ ಎಂದರು. ಸಂತೋಷದಿಂದ ಒಪ್ಪಿದೆ. ಮೂರು ಪಾಠ ಓದಿಕೊಟ್ಟೆ. ಆಮೇಲೆ ಪರೀಕ್ಷೆಗಳು ಬಂದವು, ನನಗೆ ಗಂಟಲು ಕೆಟ್ಟಿತು, ನಾಲ್ಕನೆಯ ಪಾಠ ಓದಲಿಲ್ಲ.

ಮೆಟ್ಟಿಲು ಇಳಿಯುವಾಗ ಸುದ್ದಿವಾಚಕರು ನನ್ನ ಪಕ್ಕ ಬಂದರು. "ನೀವಾದ್ರೂ ಹಾಕಿ ನೋಡಿ ಬಂದ್ರಲ್ಲ ಮೇಡಂ, ಒಳ್ಳೇದಾಯ್ತು. ನಮ್ಮನೇಲಿ ಕಂಪ್ಯೂಟರೇ ಇಲ್ಲ. ಆ ಪೆನ್‌ಡ್ರೈವ್ ಎಲ್ಲಿಗೆ ಚುಚ್ಬೇಕು ಅಂತಾನೂ ಗೊತ್ತಿಲ್ಲ ನಂಗೆ," ಎಂದು ದೊಡ್ಡ ದನಿಯಲ್ಲಿ ನಕ್ಕರು. ನಾನೂ ನಕ್ಕೆ. ಆ ಮೇಜಿನ ಸುತ್ತ ಆ ತಂತ್ರಾಂಶವನ್ನು ಕೇಳಿದ್ದವರು ಇಬ್ಬರೇ, ಮಾಡಿದವನು ಮತ್ತು ರೇಣುಕಾ. ಅವರಿಬ್ಬರನ್ನು ಯಾರೂ ತಜ್ಞರು ಎಂದು ಕರೆದಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಒಂದು ದಿನದ ಕೆಡುಕು ಎಂದು ಹೇಳಿಕೊಳ್ಳಬಹುದಿತ್ತು.

ಮುಂದಿನ ಭಾನುವಾರ ಬೆಳಗ್ಗೆ ನಾಗು ಮನೆಗೆ ಬಂದ. ಅದೇ ನೋಟ್‌ಬುಕ್. ಜಗಳಕ್ಕೆ ಬಂದಿದ್ದಾನೆ ಎಂದು ಸಿದ್ಧಳಾಗಿದ್ದೆ. ಜಗಳವಾಗಲಿ ಎಂದು ಆಸೆಯೂ ಇತ್ತು. ಅವನು ಸೋಫಾದ ತುದಿಯಲ್ಲಿ ಕೂತು, "ನೀನು ಹೇಳಿದ್ದು ಒಳ್ಳೇದಾಯ್ತು ಕಣೇ. ನಂಗೆ ಯಾರೂ ತಪ್ಪು ಹೇಳ್ತಾನೇ ಇರ್ಲಿಲ್ಲ. ಯಾವ್ಯಾವ ಪದ ಅಂತ ಹೇಳು, ಸರಿ ಮಾಡಿ ಅವರಿಗೆ ಮತ್ತೆ ಕೊಡ್ತೀನಿ," ಎಂದ.

ಆಗ ಹೇಳಬಹುದಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ನಾನು ಸೆರಗು ಸರಿಮಾಡಿಕೊಂಡು, "ಬರ್ಕೋ," ಎಂದೆ.

ಮಧ್ಯಾಹ್ನ. ಚಿಹ್ನೆ. ಬ್ರಹ್ಮಾಂಡ. ಜಿಹ್ವೆ. ಆಹ್ವಾನ. ಉಚ್ಛ್ವಾಸ... ತರಗತಿಯಲ್ಲಿ ಮಕ್ಕಳು ಎಡವುವ ಪದಗಳನ್ನು ಒಂದೊಂದಾಗಿ ಹೇಳಿದೆ. ಒಟ್ಟು ಹನ್ನೊಂದು. ಅವನು ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿ ಬರೆದುಕೊಂಡ. "ಚಿಹ್ನೆನೂ ತಪ್ಪಾ? ಅದನ್ನ ನೋಡ್ಕೊಂಡಿದ್ದೆನಲ್ಲ..." ಎಂದ.

"ನಿನ್ನ ಕಿವಿಗೆ ಸರಿ ಅನ್ಸಿರಬಹುದು," ಎಂದೆ. "ಅಭ್ಯಾಸ ಇಲ್ದೇ ಇರೋರಿಗೆ ಗೊತ್ತಾಗಲ್ಲ."

"ಇರಬಹುದು," ಎಂದ ನಾಗು.

ಆ ಹನ್ನೊಂದು ಪದಗಳ ಜೊತೆ ಅವನು ಎಷ್ಟು ಕಾಲ ಕೂತನೋ ನನಗೆ ಗೊತ್ತಿಲ್ಲ. ಮೂರು ತಿಂಗಳಿರಬೇಕು. ಒಂದು ದಿನ ಸಂಜೆ ಫೋನು ಮಾಡಿದ. "ವಿಜಿ, ಒಂದೊಂದನ್ನೂ ನೂರು ಸಲ ಕೇಳಿದೆ ಕಣೇ. ನಂಗೆ ತಪ್ಪು ಸಿಗ್ತಾ ಇಲ್ಲ. ನಂಗೆ ಕೇಳ್ಸೋದೇ ಸರಿ ಇಲ್ಲ ಅನ್ಸುತ್ತೆ. ಕಿವಿ ಡಾಕ್ಟ್ರ ಹತ್ರನೂ ಹೋಗಿ ಬಂದೆ, ಏನಿಲ್ಲ ಅಂದ್ರು. ಭಾಷೆ ತಿಳೀದೇ ಇರೋನು ಈ ಕೆಲಸಕ್ಕೆ ಕೈ ಹಾಕ್ಬಾರ್ದಿತ್ತು."

ನಾನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಇದರಲ್ಲಿ ಮಾತ್ರ ಅನುಮಾನವಿಲ್ಲ. "ಬಿಡು ನಾಗು, ಎಲ್ಲರಿಗೂ ಎಲ್ಲಾ ಬರಲ್ಲ," ಎಂದೆ. ಫೋನು ಇಟ್ಟು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದೆ. ಏನೋ ಗುನುಗುತ್ತಿದ್ದೆ ಕೂಡ.

ಅವನು ಅದನ್ನು ಬಿಟ್ಟ. ಕಾರ್ಖಾನೆ, ಮನೆ, ಇಷ್ಟೇ ಆದ. ಯಾರಾದರೂ ಕನ್ನಡದಲ್ಲಿ ಏನಾದರೂ ಓದಿ ಹೇಳು ಎಂದರೆ, "ನಂಗೆ ಉಚ್ಚಾರ ಸರಿ ಇಲ್ಲ, ವಿಜಿನ ಕೇಳಿ," ಎನ್ನುತ್ತಿದ್ದ. ಮದುವೆ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಮೊದಲಿಗೆ ಒಂದು ಸಿಹಿ. ಆಮೇಲೆ, ಎಷ್ಟೋ ವರ್ಷಗಳ ಆಮೇಲೆ, ಆ ಸಿಹಿಯ ಕೆಳಗೆ ಬೇರೆ ಏನೋ.

ರೇಣುಕಾ ಎಂ.ಎ. ಮುಗಿಸಲಿಲ್ಲ ಎಂದು ಕಾರ್ಯದರ್ಶಿ ಒಮ್ಮೆ ಹೇಳಿದರು. ಓದಿ ಹೇಳುವವರು ಸಾಕಷ್ಟು ಸಿಗಲಿಲ್ಲ, ಎರಡು ಪೇಪರು ಉಳಿದವು, ಊರಿಗೆ ಹೋದಳು. ಅದು ನನ್ನಿಂದಲೇ ಆಯಿತು ಎಂದರೆ ಅದೂ ಒಂದು ಬಗೆಯ ಜಂಬ. ನನ್ನಿಂದ ಆಗಲಿಲ್ಲ ಎಂದರೆ ಸುಳ್ಳು. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೋ ನನಗೆ ತಿಳಿದಿಲ್ಲ.

ಕಳೆದ ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಹೂ ಇಟ್ಟೆ. ಸೀರೆ ಉಡಲು ಪಿನ್ನು ಬೇಕಾಯಿತು. ಡಬ್ಬಿ ಎತ್ತಿದರೆ ಕೆಳಗೆ ಕಂದು ಲಕೋಟೆ. 'ವಿಜಿ, ಹಾಕಿ ನೋಡು.'

ಪೂಜೆ ಮಾಡಿದ ಯಂತ್ರವನ್ನು ಅವತ್ತು ಮುಟ್ಟಬಾರದು. ಮುಟ್ಟಿದೆ. ಇಷ್ಟು ವರ್ಷದ ಮೇಲೆ ಕೆಟ್ಟಿರುತ್ತದೆ ಎಂದುಕೊಂಡೆ; ಕೆಟ್ಟಿರಲಿಲ್ಲ. ಪರದೆಯ ಮೇಲೆ ಏನೂ ಕಾಣಲಿಲ್ಲ, ಒಂದು ದನಿ ಮಾತ್ರ ಬಂತು. ತಗಡಿನಂಥ ಒರಟು ದನಿ, ಅದು ನಾಗುವಿನದೇ ಎಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು: 'ವೇಗವನ್ನು ಆರಿಸಿ. ಒಂದರಿಂದ ಒಂಬತ್ತು. ಆರಿಸುವವರೆಗೆ ಕಾಯುತ್ತೇನೆ.'

ಅದರಲ್ಲಿ ಸಾಮಾನ್ಯ ವೇಗ ಎಂಬುದೇ ಇರಲಿಲ್ಲ. ಒಂದು ಅಂಕಿ ಒತ್ತದೆ ಅದು ಒಂದು ಅಕ್ಷರವನ್ನೂ ಓದುತ್ತಿರಲಿಲ್ಲ. ತೆರೆದವರೆಲ್ಲರಿಗೂ ತಮ್ಮ ಅಂಕಿ ಗೊತ್ತಿರಲೇಬೇಕು.

ರೇಣುಕಾಗೆ ಗೊತ್ತಾಗಿತ್ತು. ನಾನು ಹಾಕಿಯೇ ನೋಡಿಲ್ಲ ಎಂದು ಆ ಕ್ಷಣವೇ ಗೊತ್ತಾಗಿ, ಅಷ್ಟು ಜನರ ಮುಂದೆ ನನ್ನ ಮಾನ ಕಳೆಯದೆ, ಆತು ಬಿಡ್ರಿ ಎಂದಿದ್ದಳು. ರೇಣುಕಾ, ಇದು ಯಾವತ್ತಾದರೂ ಯಾವುದಾದರೂ ಯಂತ್ರದ ದನಿಯಲ್ಲಿ ನಿನ್ನ ಕಿವಿಗೆ ಬಿದ್ದರೆ — ನನ್ನ ಅಂಕಿ ನಾಲ್ಕು. ಅದಕ್ಕಿಂತ ಬೇಗ ಓದಿದರೆ ನನಗೆ ಅರ್ಥವಾಗುವುದಿಲ್ಲ.

ಹನ್ನೊಂದು ಪದಗಳನ್ನೂ ಟೈಪು ಮಾಡಿ ಕೇಳಿದೆ. ಹತ್ತು ಸರಿ ಇದ್ದವು. ಚಿಹ್ನೆಯನ್ನು ನನ್ನ ವಿದ್ಯಾರ್ಥಿಗಳಿಗಿಂತ, ಬಹುಶಃ ನನಗಿಂತ ಸ್ಪಷ್ಟವಾಗಿ ಹೇಳಿತು. ಒಂದು, ಉಚ್ಛ್ವಾಸ, ನಿಜಕ್ಕೂ ತಪ್ಪಾಗಿತ್ತು. ಆ ತಪ್ಪು ಕೇಳಿದಾಗ ನನ್ನೊಳಗೆ ಏನೋ ಕುಣಿಯಿತು. ಸಿಕ್ಕಿತು, ಒಂದು ಸಿಕ್ಕಿತು ಎಂದು. ಹತ್ತು ವರ್ಷದ ಮೇಲೂ, ಕಣ್ಣಲ್ಲಿ ನೀರಿದ್ದಾಗಲೂ. ನಾನು ಎಂಥವಳು ಎಂದು ತಿಳಿಯಲು ನನಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಆಮೇಲೆ ಮಾದರಿ ಫೋಲ್ಡರ್ ತೆರೆದೆ. ಹಾಸ್ಟೆಲಿನ ಹುಡುಗಿಯರು ಕೇಳಿ ಪರೀಕ್ಷಿಸಲು ಇಟ್ಟಿದ್ದ ಬರಹಗಳು. ಒಂದು ಶಾಲೆಯ ಪಾಠ, ಸಾರಿನ ಪುಡಿ ಮಾಡುವ ವಿಧಾನ. ಮಿಕ್ಕದ್ದೆಲ್ಲ ನನ್ನ ಪ್ರಬಂಧದ ಅನುಬಂಧ — ನೂರಾ ಎಂಬತ್ತು ಬೀಸುವ ಪದಗಳು, ಹಾಡಿದವರ ಹೆಸರು, ಊರು, ನಾನು ಕೊಟ್ಟ ಅಡಿಟಿಪ್ಪಣಿ ಸಮೇತ. ಅದು ಪುಸ್ತಕವಾಗಿ ಅಚ್ಚಾಗಲೇ ಇಲ್ಲ. ಬೈಂಡು ಮಾಡಿದ ಪ್ರತಿಯನ್ನು ಮುಂದಿಟ್ಟುಕೊಂಡು ಯಾರೋ ಒಂದೊಂದೇ ಅಕ್ಷರ ಕುಟ್ಟಿರಬೇಕು. ಯಾರೋ ಏನು, ನಾಗುವೇ. ಕಲ್ಲಿಗಾಗಿ ಮೂರು ಮನೆ ತಿರುಗಿಸಿದ ಅಜ್ಜಿಯ ಹಾಡು ತಗಡಿನ ದನಿಯಲ್ಲಿ, ನಾಲ್ಕನೆಯ ವೇಗದಲ್ಲಿ ಬಂತು. ಭಾವ ನಾನೇ ಹಾಕಿಕೊಳ್ಳಬೇಕಾಯಿತು.

ಇಷ್ಟೂ ಪುಟ ತೆಗೆದವನು ಪುಟ ತೆಗೆಯದೆ ಆ ಮಾತು ಆಡಿದನೇ? ಆಗ ಆಡಿ, ಆಮೇಲೆ ಓದಿರಬಹುದು. ಅದೂ ಸಾಧ್ಯ. ಹಾಗೇ ಆಗಿರಲಿ ಎಂದು ನನ್ನ ಮನಸ್ಸು ಎಷ್ಟು ಅಂಗಲಾಚಿತು ಎಂದರೆ, ಅಟ್ಟದಿಂದ ಸೀಮಂತದ ವರ್ಷದ ಡೈರಿ ಇಳಿಸಿದೆ. ಅದರಲ್ಲಿ ಹೀಗಿದೆ: 'ಚಿಕ್ಕಮ್ಮ ಹೇಳಿದರು — ಕಮಿಟಿಯಲ್ಲಿ ಒಬ್ಬರು ಥೀಸಿಸ್ ನೋಡದೆಯೇ ಹಗುರವಾಗಿ ಮಾತಾಡಿದರಂತೆ. ಯಾರಿರಬಹುದು?' ಹೆಸರಿಲ್ಲ. ಮರುದಿನದ ಪುಟದಲ್ಲಿ ಬೇರೆ ಏನೂ ಇಲ್ಲ, ಒಂದೇ ಪದ: 'ನಾಗು.' ಕೆಳಗೆ ಎರಡು ಗೆರೆ. ಕಾಗದ ಹರಿಯುವಷ್ಟು ಒತ್ತಿ ಎಳೆದ ಗೆರೆಗಳು.

ಆ ಹೆಸರು ಚಿಕ್ಕಮ್ಮ ಕೊಟ್ಟದ್ದೋ, ರಾತ್ರಿ ಕಳೆಯುವುದರೊಳಗೆ ನಾನೇ ಹುಡುಕಿಕೊಂಡದ್ದೋ? ನನ್ನ ನೆನಪಿನಲ್ಲಿ ಅವರು 'ನಿಮ್ಮ ನಾಗು' ಎನ್ನುವುದು ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ. ನಾಗು ಭುಜ ಕುಣಿಸುವುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನಾನು ನೋಡಿಯೇ ಇಲ್ಲ. ಇನ್ನೊಂದು ನೆನಪಿದೆ. ಆ ವರ್ಷ ಅತ್ತೆ ತಮ್ಮ ಗೃಹಪ್ರವೇಶಕ್ಕೆ ಚಿಕ್ಕಮ್ಮನನ್ನು ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ ಫೋನಿನಲ್ಲಿ ಕರೆದಿದ್ದರು. ಚಿಕ್ಕಮ್ಮ ಹೋಗಲಿಲ್ಲ, ಬಹಳ ಕಾಲ ಅತ್ತೆಯ ಮನೆಯವರ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಹಾಗಾದರೆ ಅವರೇ — ನೋಡಿ, ಸಿಟ್ಟು ಎಷ್ಟು ಬೇಗ ಮನೆ ಬದಲಾಯಿಸಲು ಹೊರಟಿದೆ. ಇಷ್ಟಾದ ಮೇಲೂ ಅದಕ್ಕೆ ಇನ್ನೊಬ್ಬರು ಬೇಕು.

ನಾಗುವಿಗೆ ಹೇಳುತ್ತೇನೆ. ಈ ಹಾಳೆಗಳನ್ನೂ ಆ ಪೆನ್‌ಡ್ರೈವನ್ನೂ ಅವನ ಕೈಗೇ ಕೊಡುತ್ತೇನೆ. ಹನ್ನೊಂದರಲ್ಲಿ ಹತ್ತು ಸರಿ ಇದ್ದವು, ನಿನ್ನ ಕಿವಿ ಸರಿ ಇತ್ತು ಎಂದು ಹೇಳುತ್ತೇನೆ. ಅವನು 'ಇರಬಹುದು' ಎಂದರೆ ಹೇಗೆ ತಡೆದುಕೊಳ್ಳುವುದೋ ಗೊತ್ತಿಲ್ಲ. ಅವನು ಆ ಮಾತು ಆಡಿರಲಿ, ಆಡದಿರಲಿ, ನಾನು ಮಾಡಿದ್ದು ಒಂದು ಗುಲಗಂಜಿಯಷ್ಟೂ ಹಗುರವಾಗುವುದಿಲ್ಲ. ಇದು ತಿಳಿದೂ, ಮೊದಲು ಹೋದದ್ದು ನಾಗುವಿನ ಮನೆಗಲ್ಲ. ಹೋದ ವಾರ ಶ್ರೀಗಂಧದ ಕಾವಲಿಗೆ, ಚಿಕ್ಕಮ್ಮನ ಮನೆಗೆ ಹೋದೆ.

ಎಂಬತ್ತು ದಾಟಿದ್ದಾರೆ. ಮಾತು, ಕಣ್ಣು, ಕಿವಿ ಎಲ್ಲ ಚುರುಕಾಗಿವೆ. ಜಗಲಿಯ ಬಿಸಿಲಿನಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಬೆರಳು ಒತ್ತಿದರೆ ಸಿಪ್ಪೆ ಇತ್ತ, ಬೇಳೆ ಅತ್ತ. ನಾನೂ ಒಂದು ಹಿಡಿ ತೆಗೆದುಕೊಂಡು ಎದುರಿಗೆ ಕೂತೆ. ಬೋಗುಣಿ ಅರ್ಧ ತುಂಬುವವರೆಗೆ ಅವರ ಮಂಡಿನೋವು, ನನ್ನ ನಿವೃತ್ತಿ, ಇಂಥವೇ ಮಾತು. ಆಮೇಲೆ ಕೇಳಿದೆ. 'ಹೌದು, ನಾನೇ ಹೇಳಿದೆ' ಎನ್ನಲಿ ಎಂದು ಒಳಗೇ ಬೇಡಿಕೊಳ್ಳುತ್ತ ಕೇಳಿದೆ. ಅವರ ಬೆರಳು ಒಂದು ಕಾಳಿನ ಮೇಲೆ ನಿಂತಿತು. ನನ್ನನ್ನು ನೋಡಿದರು. ಆ ಕಾಳನ್ನು ಹಿತುಕದೆ ಹಾಗೇ ಬೋಗುಣಿಗೆ ಹಾಕಿ, ಇನ್ನೊಂದನ್ನು ತೆಗೆದುಕೊಂಡರು. ಬೋಗುಣಿ ತುಂಬಿತು. ಬಿಸಿಲು ಜಗಲಿಯಿಂದ ಇಳಿದು ಹೋಯಿತು. ನಾನು ಎದ್ದು ಚಪ್ಪಲಿ ಮೆಟ್ಟುವಾಗಲೂ, ಅವರು ಕುಂಕುಮ ಕೊಡುವಾಗಲೂ ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ಸೀಮಂತದ ಮನೇಲಿ ನಾಗು ಅಂತ ನೀವು ಹೇಳಿದ್ರಾ, ನಾನೇ ಅಂದ್ಕೊಂಡ್ನಾ?"